ಹಳೆಯ ಅಗ್ಗದ ಎಲೆಕ್ಟ್ರಿಕ್ ಗಿಟಾರ್: ಚಾಳಿ ಯಾವುದು, ದೋಷ ಯಾವುದು, ರಿಪೇರಿ ಎಲ್ಲಿಂದ ಶುರು

ನನ್ನ ಸೋದರಮಾವ ಅಮೆರಿಕದಿಂದ ವಾಪಸ್ ಬರುವಾಗ ಒಂದು ಗಿಟಾರ್ ತಂದರು. 1960ರ ದಶಕದ ಜಪಾನಿ ಟೀಸ್ಕೊ ಡೆಲ್ ರೇ. ಎರಡು ಪಿಕಪ್ (ತಂತಿಯ ಕಂಪನವನ್ನು ಆಂಪ್ಲಿಫೈಯರ್‌ಗೆ ಕಳಿಸುವ ಭಾಗ), ಗೀರುಗೀರಾಗಿ ಹೊಳೆಯುವ ಲೋಹದ ತಟ್ಟೆ, ಟಕ್ ಅಂತ ಆ ಕಡೆ ಈ ಕಡೆ ಬೀಳುವ ಬಿಳಿ ಸ್ವಿಚ್‌ಗಳು. ಪೆಟ್ಟಿಗೆ ತೆಗೆದ ಕೂಡಲೇ ಮನೆಯವರೆಲ್ಲ ಸುತ್ತ ನಿಂತು ನೋಡಿದರು. ನುಡಿಸಲು ಕೂತಾಗ ಬೇರೆಯೇ ಕಥೆ. 12ನೇ ಫ್ರೆಟ್ (ಬೆರಳು ಒತ್ತುವ ಕಡೆಯ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿ 4 ಮಿ.ಮೀ. ಎತ್ತರದಲ್ಲಿತ್ತು. ಮೂರನೇ ತಂತಿಯನ್ನು ಎಲ್ಲಿ ಒತ್ತಿದರೂ ಶ್ರುತಿ ಮೇಲೇರುತ್ತಿತ್ತು. ಸ್ವಲ್ಪ ಜೋರಾಗಿ ಮೀಟಿದರೆ ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿ, ದೇಹದ ಮೇಲೆ ತನಗೆ ಆಧಾರವಾದ ಬ್ರಿಜ್‌ನ ಕಚ್ಚಿನಿಂದಲೇ ಹೊರಗೆ ಜಿಗಿಯುತ್ತಿತ್ತು. ಒಂದು ಪಿಕಪ್ ಪೂರ್ತಿ ಮೂಕ.

ತೋರಿಸಿದ ಒಂದು ಅಂಗಡಿಯಲ್ಲಿ "ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರು. ಮನಸ್ಸು ಒಪ್ಪಲಿಲ್ಲ. ಮೂರು ಭಾನುವಾರ ಕೂತು ನಾನೇ ಸರಿ ಮಾಡಿದೆ. ಈಗ ಮನೆಯಲ್ಲಿ ಜಾಸ್ತಿ ಕೈಗೆತ್ತಿಕೊಳ್ಳುವ ಗಿಟಾರ್ ಅದೇ. ಆ ಕೆಲಸದಲ್ಲಿ ಒಂದು ವಿಷಯ ಚೆನ್ನಾಗಿ ಮನದಟ್ಟಾಯಿತು. ಈ ಗಿಟಾರ್‌ಗಳಲ್ಲಿ ಹತ್ತು ತೊಂದರೆ ಕಂಡರೆ ಅದರಲ್ಲಿ ಐದಾರಕ್ಕೆ ಕಾರಣ ಒಂದೇ: ನೆಕ್, ಅಂದರೆ ಗಿಟಾರ್‌ನ ಉದ್ದ ಕುತ್ತಿಗೆ, ದೇಹಕ್ಕೆ ಸೇರುವ ಕೋನ. ಅದನ್ನು ಮೊದಲು ಸರಿಮಾಡದೆ ಬೇರೆ ಏನು ಮಾಡಿದರೂ ಎರಡೆರಡು ಸಲ ಮಾಡಬೇಕಾಗುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ.

ಇವು ಯಾಕೆ ಹೀಗಿವೆ?

1964ರ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕದ ಟೀವಿಯಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಹುಡುಗರಿಗೆಲ್ಲ ಎಲೆಕ್ಟ್ರಿಕ್ ಗಿಟಾರ್ ಬೇಕಾಯಿತು. ಫೆಂಡರ್, ಗಿಬ್ಸನ್ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಆ ಜಾಗ ತುಂಬಿದ್ದು ಅಗ್ಗದ ಕಾರ್ಖಾನೆಗಳು. ಟೀಸ್ಕೊ ಕಂಪನಿ 1946ರಲ್ಲಿ ಟೋಕಿಯೊದಲ್ಲಿ ಶುರುವಾಗಿತ್ತು. 1967ರಲ್ಲಿ ಅದು ಕವಾಯ್ ಕಂಪನಿಯ ಕೈಸೇರಿತು. ಅಮೆರಿಕದಲ್ಲೇ ನ್ಯೂಜೆರ್ಸಿಯ ಡ್ಯಾನೆಲೆಕ್ಟ್ರೊ ಇತ್ತು. ಅದನ್ನು ಕಟ್ಟಿದವರು ನೇಥನ್ ಡೇನಿಯಲ್. ಸಿಯರ್ಸ್ ಅಂಗಡಿಗಳಿಗಾಗಿ ಅವರು 'ಸಿಲ್ವರ್‌ಟೋನ್' ಹೆಸರಿನಲ್ಲಿ ಗಿಟಾರ್ ಮಾಡಿಕೊಡುತ್ತಿದ್ದರು. ಅದರ 1448 ಮಾದರಿಯಲ್ಲಿ ಗಿಟಾರ್ ಇಡುವ ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಕೂರಿಸಿದ್ದರು. ಚಿಕಾಗೊದಲ್ಲಿ ಹಾರ್ಮನಿ ಮತ್ತು ಕೇ ಕಂಪನಿಗಳು ರಾಶಿ ರಾಶಿ ಗಿಟಾರ್ ಮಾಡುತ್ತಿದ್ದವು.

ಬೆಲೆ ಇಳಿಸಲು ಇವರೆಲ್ಲ ಒಂದೊಂದು ದಾರಿ ಹಿಡಿದರು. ಜಪಾನಿನವರು ದೇಹಕ್ಕೆ ಪ್ಲೈವುಡ್ ಬಳಸಿದರು. ಡ್ಯಾನೆಲೆಕ್ಟ್ರೊದವರು ಮರದ ಚೌಕಟ್ಟಿಗೆ ಎರಡೂ ಕಡೆ ಮೇಸೊನೈಟ್ ಅನ್ನುವ ಹಾರ್ಡ್‌ಬೋರ್ಡ್ ಹಲಗೆ ಅಂಟಿಸಿದರು, ಲಿಪ್‌ಸ್ಟಿಕ್ ಕೊಳವೆಗಳೊಳಗೆ ಪಿಕಪ್ ಇಟ್ಟರು. ನೆಕ್ ಒಳಗೆ, ಬಿಗಿ ಮಾಡಿ ಬಾಗನ್ನು ಸರಿಪಡಿಸಬಹುದಾದ ಟ್ರಸ್ ರಾಡ್ ಬದಲು ಸುಮ್ನೆ ಒಂದು ಉಕ್ಕಿನ ಸರಳು ಹಾಕಿ ಮುಚ್ಚಿದವರು ಬಹಳ ಮಂದಿ. ಆದರೆ ಈ ಅಗ್ಗದ ದಾರಿಗಳಲ್ಲೇ ಕೆಲವು ಅಪರೂಪದ ನಾದಗಳು ಹುಟ್ಟಿದವು. ಹಾಗಾಗಿಯೇ ಚಾಳಿ ಬೇರೆ, ದೋಷ ಬೇರೆ ಅಂತ ನಾನು ಹೇಳುವುದು. ದೋಷವನ್ನು ತೆಗೆಯಬೇಕು. ಚಾಳಿಯ ಜೊತೆ ಹೊಂದಿಕೊಳ್ಳಬೇಕು.

ಹೆಜ್ಜೆ 1: ಬಿಚ್ಚುವ ಮೊದಲು

ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮುರಿದ ಸ್ಕ್ರೂ ಕೂಡ ಬಿಸಾಡಬೇಡಿ, ಅದರ ಅಳತೆ ಮುಂದೆ ಬೇಕಾಗುತ್ತದೆ. ಸಣ್ಣ ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟು ಚೀಟಿ ಬರೆಯಿರಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಮಲ್ಟಿಮೀಟರ್, ಉಕ್ಕಿನ ಸ್ಕೇಲು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಸಾಲ್ಡರಿಂಗ್ ಐರನ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಹೊಲಿಗೆ ಮಷಿನ್ ಎಣ್ಣೆ, ಫೆವಿಕಾಲ್, ಒಂದಿಷ್ಟು ಸ್ಯಾಂಡ್‌ಪೇಪರ್. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನೆಲ್ಲ ಎಸ್.ಪಿ. ರಸ್ತೆಯಲ್ಲೇ ಸಿಗುತ್ತದೆ. ಫೀಲರ್ ಗೇಜ್ ಬೈಕ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಕೇಳಿ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿ ಗಿಟಾರ್‌ನ ಪ್ಲಸ್ ಸ್ಕ್ರೂ ನಮ್ಮಲ್ಲಿ ಸಿಗುವ ಮಾಮೂಲಿ ಫಿಲಿಪ್ಸ್ ಸ್ಕ್ರೂ ಥರವೇ ಕಾಣುತ್ತದೆ. ಅದು ಫಿಲಿಪ್ಸ್ ಅಲ್ಲ, ಜಪಾನಿನ ಜೆಐಎಸ್ ಅಳತೆಯದು. ಮಾಮೂಲಿ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಅರವತ್ತು ವರ್ಷ ತುಕ್ಕು ಹಿಡಿದ ಸ್ಕ್ರೂ ಮೇಲೆ ಬಲ ಹಾಕಿದರೆ ಜಾರಿ ತಲೆ ಸವೆದುಹೋಗುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದನ್ನು ಕೊಂಡುಕೊಳ್ಳಿ. ಹಳೆಯ ಜಪಾನಿ ಬೈಕ್ ರಿಪೇರಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು, ಅವರನ್ನು ಕೇಳಿದರೂ ಆಗುತ್ತದೆ.

ಹೆಜ್ಜೆ 2: ನೆಕ್ ಬಾಗಿದೆಯಾ ನೋಡಿ

ಹೊಸ ತಂತಿ ಹಾಕಿ ಶ್ರುತಿ ಮಾಡಿ, ಒಂದು ದಿನ ಬಿಡಿ. ಟ್ರಸ್ ರಾಡ್ ಇಲ್ಲದ ನೆಕ್‌ಗೆ 9ರಿಂದ ಶುರುವಾಗುವ ತೆಳು ಸೆಟ್ ಒಳ್ಳೆಯದು (ಈ ಅಂಕಿ ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ). 10ರ ಸೆಟ್ ನೆಕ್ ಮೇಲೆ ಒಟ್ಟು ಸುಮಾರು 45 ಕೆ.ಜಿ. ಎಳೆತ ಹಾಕುತ್ತದೆ. 9ರ ಸೆಟ್ ಹಾಕಿದರೆ ಅದು 38 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಹಳೆಯ ನೆಕ್‌ಗೆ ಈ ವ್ಯತ್ಯಾಸ ದೊಡ್ಡದು.

ಈಗ ಆರನೇ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್ ಮೇಲೆ ಒತ್ತಿ, ಬಲಗೈಯಲ್ಲಿ ಕೊನೆಯ ಫ್ರೆಟ್ ಮೇಲೆ ಒತ್ತಿ. ನಡುವೆ 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ ಅಂತ ಫೀಲರ್ ಗೇಜ್ ತೂರಿಸಿ ನೋಡಿ. 0.2 ಅಥವಾ 0.3 ಮಿ.ಮೀ. ಇದ್ದರೆ ಬಹಳ ಸಂತೋಷ. 0.5ರವರೆಗೂ ನಡೆಯುತ್ತದೆ. 1 ಮಿ.ಮೀ. ದಾಟಿದರೆ ನೆಕ್ ನಿಜವಾಗಿ ಬಾಗಿದೆ. ಅದನ್ನು ಕಾಯಿಸಿ ನೇರ ಮಾಡುವುದು ಅಥವಾ ಫ್ರೆಟ್ ತೆಗೆದು ಹಲಗೆ ಮಟ್ಟ ಮಾಡುವುದು ಮನೆಯ ಕೆಲಸವಲ್ಲ.

ಅಂಥ ಗಿಟಾರ್ ಬಿಸಾಡಬೇಕಾಗಿಲ್ಲ. ಎತ್ತರದ ತಂತಿ ಸ್ಲೈಡ್ ನುಡಿಸುವವರಿಗೆ, ಅಂದರೆ ತಂತಿ ಮೇಲೆ ಕೊಳವೆ ಜಾರಿಸಿ ನುಡಿಸುವವರಿಗೆ, ವರ. ಚಿಕಾಗೊದ ಬ್ಲೂಸ್ ಕಲಾವಿದ ಹೌಂಡ್ ಡಾಗ್ ಟೇಲರ್ ಇಂಥದ್ದೇ ಅಗ್ಗದ ಜಪಾನಿ ಗಿಟಾರ್ ಮೇಲೆ ಸ್ಲೈಡ್ ನುಡಿಸಿ ಹೆಸರಾದವರು.

ಹೆಜ್ಜೆ 3: ನೆಕ್ ಕೋನ, ಅಂದರೆ ಮುಖ್ಯ ಕೆಲಸ

ನೆಕ್ ಹೆಚ್ಚುಕಡಿಮೆ ನೇರ ಇದೆ, ಆದರೂ ತಂತಿ ಎತ್ತರ. ಬ್ರಿಜ್ ಅನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗಿಳಿಸಿ ಆಗಿದೆ. ನನ್ನ ಟೀಸ್ಕೊದ ಸ್ಥಿತಿ ಇದೇ ಆಗಿತ್ತು. ನಿಮ್ಮದೂ ಬಹುಶಃ ಇದೇ.

ಇದರ ಇನ್ನೊಂದು ಮುಖ ನೋಡಿ. ಬ್ರಿಜ್ ತಳ ಕಂಡಿದೆ ಅಂದರೆ ತಂತಿ ಬ್ರಿಜ್ ದಾಟಿ ಹಿಂದಿನ ಕೊಕ್ಕೆಗೆ ಹೋಗುವಾಗ ಇಳಿಜಾರೇ ಇರುವುದಿಲ್ಲ. ಇಳಿಜಾರು ಇಲ್ಲದಿದ್ದರೆ ತಂತಿ ಬ್ರಿಜ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ಆಗ ಜೋರಾಗಿ ಮೀಟಿದರೆ ಜಿಗಿಯುತ್ತದೆ, ಜರ್ ಅನ್ನುತ್ತದೆ, ನಾದ ಬೇಗ ಸಾಯುತ್ತದೆ. ವೀಣೆಯ ಕುದುರೆಯ ಮೇಲೆ ತಂತಿ ಒತ್ತಿ ಕೂರದಿದ್ದರೆ ನಾದ ಹೇಗೆ ಸಪ್ಪೆಯಾಗುತ್ತದೋ ಇಲ್ಲೂ ಹಾಗೇ. ಎತ್ತರ, ಜಿಗಿತ, ಜರ್ ಸದ್ದು, ಸಪ್ಪೆ ನಾದ: ನಾಲ್ಕು ಬೇರೆ ಕಾಯಿಲೆ ಅನ್ನಿಸಿದರೂ ಮೂಲ ಒಂದೇ.

ಮದ್ದು: ನೆಕ್ ಕೂರುವ ಗುಳಿಯಲ್ಲಿ ಬ್ರಿಜ್ ಕಡೆಯ ತುದಿಗೆ ಒಂದು ತೆಳು ಬೆಣೆ ಇಡುವುದು. ನೆಕ್‌ನ ತಲೆ ಒಂದು ಕೂದಲೆಳೆ ಹಿಂದಕ್ಕೆ ವಾಲುತ್ತದೆ, ತಂತಿ ತಗ್ಗುತ್ತದೆ. ಆಗ ಬ್ರಿಜ್ ಅನ್ನು ಮೇಲೆತ್ತಲು ಜಾಗ ಸಿಗುತ್ತದೆ.

ಹೀಗೆ ಮಾಡಿ. ತಂತಿಗಳನ್ನು ಪೂರ್ತಿ ಸಡಿಲಿಸಿ. ಹಿಂದಿನ ನಾಲ್ಕು ಸ್ಕ್ರೂಗಳನ್ನು ಒಂದೊಂದೇ ಸ್ವಲ್ಪ ಸ್ವಲ್ಪ ಬಿಚ್ಚಿ, ನೆಕ್ ಎತ್ತಿ. ಗುಳಿಯೊಳಗೆ ಹಳೆಯ ರಟ್ಟಿನ ಚೂರು, ಬಣ್ಣದ ಗಂಟು ಸಿಗಬಹುದು. ನನ್ನದರಲ್ಲಿ ಕಾಫಿ ಬಣ್ಣಕ್ಕೆ ತಿರುಗಿದ ಒಂದು ರಟ್ಟು ತಪ್ಪು ತುದಿಯಲ್ಲಿತ್ತು, ಅಂದರೆ ತಲೆಯ ಕಡೆಗೆ. ಅದು ತಂತಿಯನ್ನು ಇನ್ನೂ ಮೇಲೆತ್ತುತ್ತಿತ್ತು. ಯಾರೋ ಎಂದೋ ಇಟ್ಟದ್ದು. ತೆಗೆದ ಮಾತ್ರಕ್ಕೆ ಅರ್ಧ ಕೆಲಸ ಆಯಿತು.

ಬೆಣೆ ಎಷ್ಟು ದಪ್ಪ ಬೇಕು? ಲೆಕ್ಕ ಸುಲಭ. ಗುಳಿ ಸುಮಾರು 70 ಮಿ.ಮೀ. ಉದ್ದ ಅಂದುಕೊಳ್ಳಿ. ಗುಳಿಯ ಬಾಯಿಂದ ಬ್ರಿಜ್‌ಗೆ ಸುಮಾರು 220 ಮಿ.ಮೀ. ದೂರ. ಅಂದರೆ ಗುಳಿಯ ತುದಿಯಲ್ಲಿ 0.5 ಮಿ.ಮೀ. ಎತ್ತಿದರೆ ಬ್ರಿಜ್ ಹತ್ತಿರ ಅದರ ಮೂರು ಪಟ್ಟು, ಒಂದೂವರೆ ಮಿ.ಮೀ.ಯಷ್ಟು ಫಲ ಸಿಗುತ್ತದೆ. ಬಹಳಷ್ಟು ಗಿಟಾರ್‌ಗಳಿಗೆ 0.5 ಸಾಕು. 1 ಮಿ.ಮೀ.ಗಿಂತ ಜಾಸ್ತಿ ಬೇಕು ಅನ್ನಿಸಿದರೆ ನಿಲ್ಲಿಸಿ, ಹೆಜ್ಜೆ 2ಕ್ಕೆ ಹೋಗಿ ಮತ್ತೆ ಅಳೆಯಿರಿ.

ವಿಸಿಟಿಂಗ್ ಕಾರ್ಡ್ ಮಡಚಿ ತುದಿಗೆ ತುರುಕುವವರೇ ಹೆಚ್ಚು. ಅಂದಾಜು ನೋಡಲು ಅದು ಪರವಾಗಿಲ್ಲ, ಕಾಯಂ ಆಗಿ ಬೇಡ. ತುದಿಯಲ್ಲಿ ಮಾತ್ರ ಆಧಾರ ಇದ್ದು ನಡುವೆ ಟೊಳ್ಳು ಉಳಿದರೆ ಸ್ಕ್ರೂ ಎಳೆತಕ್ಕೆ ನೆಕ್‌ನ ಬುಡ ನಿಧಾನವಾಗಿ ಬಾಗಿ ಕೊನೆಯ ಫ್ರೆಟ್‌ಗಳು ಮೇಲೇಳುತ್ತವೆ. ಬಡಗಿಗಳ ಹತ್ತಿರ ಮರದ ವೆನೀರ್ ಚೂರು ಕೇಳಿ, ಅದು ಹೆಚ್ಚುಕಡಿಮೆ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಗುಳಿಯ ಪೂರ್ತಿ ಅಳತೆಗೆ ಕತ್ತರಿಸಿ, ಚಪ್ಪಟೆ ಹಲಗೆಗೆ ಡಬಲ್ ಟೇಪ್‌ನಿಂದ ಅಂಟಿಸಿ, 120ರ ಸ್ಯಾಂಡ್‌ಪೇಪರ್‌ನಲ್ಲಿ ಒಂದು ತುದಿಯನ್ನು ಸೊನ್ನೆಗೆ ಬರುವವರೆಗೂ ಉಜ್ಜಿ. ಬೆರಳಲ್ಲಿ ಸವರಿದರೆ ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ಸ್ಕ್ರೂ ತೂತು ಕೊರೆದು ಕೂರಿಸಿ. ಅಂಟು ಹಾಕಬೇಡಿ.

ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ನೆಕ್‌ನಲ್ಲಿರುವ ತೂತಿಗೆ ಬೆಂಕಿಕಡ್ಡಿಯ ಮರ ಮತ್ತು ಫೆವಿಕಾಲ್ ತುಂಬಿ, ರಾತ್ರಿಯಿಡೀ ಒಣಗಿಸಿ. ಆಮೇಲೆ ಬಿಗಿಮಾಡಿ. ಪ್ಲೈವುಡ್ ದೇಹವಾದರೆ ಬಿಗಿಮಾಡುವಾಗ ಮೈಯೆಲ್ಲ ಬಲ ಹಾಕಬೇಡಿ, ಸ್ಕ್ರೂ ತಲೆಯ ಕೆಳಗಿನ ಲೋಹದ ತಟ್ಟೆ ಮರದೊಳಗೆ ಹೂತುಹೋಗುತ್ತದೆ.

ಮುಗಿದ ಮೇಲೆ 12ನೇ ಫ್ರೆಟ್ ಹತ್ತಿರ ಆರನೇ ತಂತಿ 2 ಮಿ.ಮೀ., ಮೊದಲನೆಯದು 1.5 ಮಿ.ಮೀ. ಇರುವಂತೆ ಬ್ರಿಜ್ ಎತ್ತರ ಹೊಂದಿಸಿ. ಈಗ ಮೀಟಿ ನೋಡಿ. ಅದೇ ಗಿಟಾರ್ ಅಂತ ನಂಬುವುದೇ ಕಷ್ಟ.

ಹೆಜ್ಜೆ 4: ಬ್ರಿಜ್ ಜಾಗ, ಮತ್ತು ಆ ಮೂರನೇ ತಂತಿ

ಈ ಗಿಟಾರ್‌ಗಳಲ್ಲಿ ಬ್ರಿಜ್ ಎಷ್ಟೋ ಸಲ ದೇಹದ ಮೇಲೆ ಸುಮ್ನೆ ಕೂತಿರುತ್ತದೆ, ತಂತಿಯ ಒತ್ತಡವೇ ಅದಕ್ಕೆ ಆಧಾರ. ತಂತಿ ಎಲ್ಲ ಒಟ್ಟಿಗೆ ತೆಗೆದರೆ ಜಾಗ ತಪ್ಪುತ್ತದೆ. ಒಂದೊಂದೇ ಬದಲಿಸಿ, ಇಲ್ಲವೇ ಮೊದಲೇ ಮಾಸ್ಕಿಂಗ್ ಟೇಪ್‌ನಿಂದ ಗುರುತು ಹಾಕಿ.

ಮೊದಲ ಅಂದಾಜಿಗೆ ನಟ್‌ನಿಂದ (ನೆಕ್‌ನ ತಲೆಯ ಹತ್ತಿರ ತಂತಿಗಳು ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ. ನಟ್‌ನ ಪಕ್ಕದಲ್ಲೇ ಝೀರೋ ಫ್ರೆಟ್ ಅನ್ನುವ ಹೆಚ್ಚುವರಿ ಫ್ರೆಟ್ ಇದ್ದರೆ ಅಳತೆ ಅಲ್ಲಿಂದ, ನಟ್‌ನಿಂದ ಅಲ್ಲ. ಆಮೇಲೆ 12ನೇ ಫ್ರೆಟ್ ಮೇಲೆ ಒತ್ತದೆ ಬೆರಳು ತಾಗಿಸಿ ಮೀಟಿ ಹಾರ್ಮೋನಿಕ್ (ಗಂಟೆಯಂಥ ಸ್ವರ) ಕೇಳಿ, ಅಲ್ಲೇ ಒತ್ತಿ ಸ್ವರ ಕೇಳಿ. ಒತ್ತಿದ ಸ್ವರ ಮೇಲಿದ್ದರೆ ಬ್ರಿಜ್ ಹಿಂದೆ ಸರಿಸಿ. ಕೆಳಗಿದ್ದರೆ ಮುಂದೆ. ಮೊದಲನೇ ಮತ್ತು ಆರನೇ ತಂತಿಗೆ ಹೊಂದಿಸಿ, ನಡುವಿನವು ತಾವಾಗಿ ಹತ್ತಿರ ಬರುತ್ತವೆ.

ಬರದೇ ಇರುವುದು ಮೂರನೆಯದು. ಇದು ತುಂಬ ಜನರನ್ನು ಕಾಡಿದ ವಿಷಯ. ಆ ಕಾಲದಲ್ಲಿ ಮೂರನೇ ತಂತಿಯೂ ಸುರುಳಿ ಸುತ್ತಿದ ತಂತಿಯೇ ಆಗಿತ್ತು. ಬ್ರಿಜ್ ಅದಕ್ಕೆ ತಕ್ಕಂತೆ ಮಾಡಿದ್ದು. ಇವತ್ತಿನ ಸೆಟ್‌ಗಳಲ್ಲಿ ಮೂರನೆಯದು ಬರಿಯ ಉಕ್ಕಿನ ತಂತಿ. ಅದಕ್ಕೆ ಬ್ರಿಜ್ ಇನ್ನೂ ಹಿಂದೆ ಇರಬೇಕು. ಡ್ಯಾನೆಲೆಕ್ಟ್ರೊದಲ್ಲಿ ರೋಸ್‌ವುಡ್‌ನ ಒಂದೇ ನೇರ ಕಡ್ಡಿ ಬ್ರಿಜ್ ಆಗಿರುತ್ತದೆ, ಅದರಲ್ಲಿ ಒಂದೊಂದು ತಂತಿಯನ್ನು ಬೇರೆಯಾಗಿ ಹಿಂದೆ ಮುಂದೆ ಮಾಡಲು ಬರುವುದಿಲ್ಲ. ಗಿಟಾರ್‌ನದು ಏನೂ ತಪ್ಪಿಲ್ಲ, ತಂತಿ ಬದಲಾಗಿದೆ ಅಷ್ಟೇ. ಸುತ್ತಿದ ಮೂರನೇ ತಂತಿ ಬಿಡಿಯಾಗಿ ತರಿಸಿ ಹಾಕಿ. ಆದರೆ ಅದನ್ನು ಎಳೆದು ಬಾಗಿಸುವುದು ಕಷ್ಟ, ಅಲ್ವಾ? ಬೆಂಡ್ ಜಾಸ್ತಿ ಮಾಡುವವರು ಮಾಮೂಲಿ ತಂತಿಯೇ ಇಟ್ಟುಕೊಂಡು, ಒತ್ತುವಾಗ ಹಗುರವಾಗಿ ಒತ್ತುವುದನ್ನು ರೂಢಿ ಮಾಡಿಕೊಳ್ಳಬೇಕು.

ಹೆಜ್ಜೆ 5: ಶ್ರುತಿ ನಿಲ್ಲದಿದ್ದರೆ

ಟ್ಯೂನರ್ (ತಂತಿ ಬಿಗಿಮಾಡುವ ಬಿರಡೆ) ಬದಲಿಸುವ ಆತುರ ಬೇಡ. ಹಲ್ಲಿನ ಚಕ್ರಕ್ಕೆ ಒಂದು ಹನಿ ಮಷಿನ್ ಎಣ್ಣೆ ಬಿಡಿ, ಸಡಿಲ ಸ್ಕ್ರೂ ಬಿಗಿ ಮಾಡಿ, ತಂತಿ ಮೂರು ಸುತ್ತು ಅಚ್ಚುಕಟ್ಟಾಗಿ ಸುತ್ತಿ. ನಟ್‌ನ ಕಚ್ಚುಗಳಿಗೆ ಪೆನ್ಸಿಲ್ ಪುಡಿ ತುಂಬಿ. ಇಷ್ಟರಲ್ಲೇ ಮುಕ್ಕಾಲು ಸರಿಹೋಗುತ್ತದೆ. ಟ್ಯೂನರ್ ತಿರುಗಿಸುವ ಹಳೆಯ ಪ್ಲಾಸ್ಟಿಕ್ ಕಿವಿಗಳು ಮಾತ್ರ ಪುಡಿಪುಡಿಯಾಗುತ್ತವೆ, ಅವನ್ನು ಹೊಸದು ಹಾಕಲೇಬೇಕು.

ಝೀರೋ ಫ್ರೆಟ್ ಮೇಲೆ ತಂತಿ ಕೊರೆದ ಗುಂಡಿ ಇದೆಯಾ ನೋಡಿ. ಒತ್ತದೆ ಮೀಟಿದಾಗ ಮಾತ್ರ ಜರ್ ಅಂದರೆ ಅದೇ ಕಾರಣ. ಆ ಒಂದು ಫ್ರೆಟ್ ಬದಲಿಸಿದರೆ ಸಾಕು.

ಟ್ರೆಮೊಲೊ ಕೈ (ಸ್ವರ ಅಲುಗಿಸುವ ಹಿಡಿ) ಇದ್ದರೆ ಹಗುರವಾಗಿ ಅಲುಗಿಸಿ. ಪೂರ್ತಿ ಒತ್ತಿದರೆ ಶ್ರುತಿಗೆ ವಾಪಸ್ ಬರುವಂತೆ ಅವನ್ನು ಮಾಡಿಯೇ ಇಲ್ಲ.

ಹೆಜ್ಜೆ 6: ಪಿಕಪ್ ಮತ್ತು ವೈರಿಂಗ್

ಇಲ್ಲಿ ಆತುರ ಮಾಡಿದವರೇ ಹೆಚ್ಚು ಕಳೆದುಕೊಂಡಿದ್ದಾರೆ. ಈ ಗಿಟಾರ್‌ಗಳ ಜೀವ ಇರುವುದು ಪಿಕಪ್‌ನಲ್ಲಿ. ಟೀಸ್ಕೊದ ಚಿನ್ನದ ಬಣ್ಣದ ಹಾಳೆ ಹೊದಿಸಿದ ಪಿಕಪ್‌ಗೆ 'ಗೋಲ್ಡ್ ಫಾಯಿಲ್' ಅನ್ನುತ್ತಾರೆ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್‌ಗೆ ಅದನ್ನೇ ಹಾಕಿಸಿಕೊಂಡರು. ಆಮೇಲೆ ಪಿಕಪ್‌ಗೋಸ್ಕರವೇ ಜನ ಟೀಸ್ಕೊ ಕೊಂಡು ಬಿಚ್ಚತೊಡಗಿದರು. ಹಾಗಾಗಿ ಕೊಳ್ಳುವಾಗ ಮೂಲ ಪಿಕಪ್ ಇದೆಯಾ ಅಂತ ಕೇಳಿ.

ಸದ್ದು ಕರಕರ ಅಂದರೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್. ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಗುಂಡಿ) ಒಳಗೆ, ಸ್ವಿಚ್ ಒಳಗೆ, ಜಾಕ್ ಒಳಗೆ ಚಿಮುಕಿಸಿ, ಪ್ರತಿಯೊಂದನ್ನೂ ಮೂವತ್ತು ಸಲ ತಿರುಗಿಸಿ. ಈ ಸ್ವಿಚ್‌ಗಳು ಒಂದೊಂದು ಪಿಕಪ್ ಅನ್ನು ಬೇರೆ ಬೇರೆ ಆನ್ ಆಫ್ ಮಾಡುತ್ತವೆ, ವರ್ಷಗಟ್ಟಲೆ ಆಫ್ ಆಗಿದ್ದರೆ ಒಳಗೆ ಕಪ್ಪು ಕಟ್ಟುತ್ತದೆ. ನನ್ನ ಮೂಕ ಪಿಕಪ್ ಮಾತಾಡಿದ್ದು ಹೀಗೆಯೇ. ಪಿಕಪ್ ಸತ್ತಿರಲಿಲ್ಲ, ಸ್ವಿಚ್ ಕಪ್ಪಾಗಿತ್ತು.

ಆಗಲೂ ಮಾತಾಡದಿದ್ದರೆ ಮಲ್ಟಿಮೀಟರ್ ಅನ್ನು 20 ಕಿಲೋ ಓಮ್‌ಗೆ ಇಟ್ಟು ಪಿಕಪ್‌ನ ಎರಡು ವೈರ್ ಮುಟ್ಟಿಸಿ. ಕೆಲವು ಕಿಲೋ ಓಮ್ ತೋರಿಸಿದರೆ ಪಿಕಪ್ ಜೀವಂತ. ಲಿಪ್‌ಸ್ಟಿಕ್ ಪಿಕಪ್‌ನಲ್ಲಿ ಅಂಕಿ ಕಡಿಮೆಯೇ ಇರುತ್ತದೆ, ಗಾಬರಿ ಬೇಡ. ಏನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ. ಒಳಗಿನ ತಂತಿ ತಲೆಗೂದಲಿಗಿಂತ ತೆಳು. ಅದು ದಪ್ಪ ವೈರ್‌ಗೆ ಸೇರುವ ಬೆಸುಗೆಯ ಜಾಗ ನೋಡಿ, ಹೆಚ್ಚಾಗಿ ಕಡಿಯುವುದು ಅಲ್ಲೇ. ಅಲ್ಲಿ ಕಾಣದಿದ್ದರೆ ಸುತ್ತು ಬಿಚ್ಚಬೇಡಿ. ಪಿಕಪ್ ಸುತ್ತುವವರಿಗೆ ಕೊಡಿ.

ಪಿಕಪ್ ಮೇಲೆ ಉಗುರಿನಿಂದ ತಟ್ಟಿದರೆ ಸ್ಪೀಕರ್‌ನಲ್ಲಿ ಟಕ್ ಅಂತ ಕೇಳುತ್ತದೆ. ಹತ್ತಿರ ಬಾಯಿಟ್ಟು ಮಾತಾಡಿದರೂ ಕೇಳಬಹುದು. ಇದಕ್ಕೆ ಮದ್ದು ಅಂತ ಪಿಕಪ್ ಅನ್ನು ಕರಗಿದ ಮೇಣದಲ್ಲಿ ಮುಳುಗಿಸುವ ರೂಢಿ ಇದೆ. ನಾನು ಬೇಡ ಅನ್ನುತ್ತೇನೆ. ಮೇಣ 65 ಡಿಗ್ರಿ ದಾಟಿದರೆ ಹಳೆಯ ಪ್ಲಾಸ್ಟಿಕ್ ಸೊಟ್ಟಗಾಗುವ ಭಯ ಇದ್ದೇ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಸೂಕ್ಷ್ಮ ಕಿವಿಯೇ ಈ ಪಿಕಪ್‌ನ ಗಾಳಿಯಾಡುವ ನಾದಕ್ಕೆ ಒಂದು ಕಾರಣ. ಜೋರಾಗಿ ನುಡಿಸಿದಾಗ ಕೀರಲು ಸದ್ದು ಬಂದರೆ ಮುಚ್ಚಳದ ಕೆಳಗೆ ತೆಳು ಸ್ಪಂಜು ಇಟ್ಟು ನೋಡಿ. ಇದು ಚಾಳಿ, ದೋಷ ಅಲ್ಲ.

ಇನ್ನೊಂದು ಚಾಳಿ: ಡ್ಯಾನೆಲೆಕ್ಟ್ರೊದಲ್ಲಿ ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಸದ್ದು ಒಮ್ಮೆಗೇ ದಪ್ಪಗಾಗಿ ಜೋರಾಗುತ್ತದೆ. ವೈರಿಂಗ್ ಕೆಟ್ಟಿದೆ ಅಂದುಕೊಂಡು 'ಸರಿ' ಮಾಡಿಸಿದವರಿದ್ದಾರೆ. ಅಲ್ಲಿ ಪಿಕಪ್‌ಗಳನ್ನು ಬೇಕೆಂದೇ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿದ್ದಾರೆ. ಹಾಗೇ ಬಿಡಿ.

ಗುಂಯ್ ಅನ್ನುವ ಸದ್ದು ಮಾತ್ರ ದೋಷ. ತಂತಿ ಮುಟ್ಟಿದಾಗ ಅದು ಕಡಿಮೆಯಾಗಬೇಕು. ಆಗದಿದ್ದರೆ ಬ್ರಿಜ್‌ನಿಂದ ಜಾಕ್‌ನ ಅರ್ತ್‌ಗೆ ಹೋಗುವ ವೈರ್ ಇಲ್ಲ ಅಥವಾ ಬಿಟ್ಟಿದೆ. ಮಲ್ಟಿಮೀಟರ್ ಬೀಪ್ ಇಟ್ಟು ಪರೀಕ್ಷಿಸಿ, ಒಂದು ವೈರ್ ಬೆಸುಗೆ ಹಾಕಿ.

ಆದರೆ ಅದಕ್ಕೂ ಮೊದಲು ಆಂಪ್ಲಿಫೈಯರ್ ನೋಡಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅಮೆರಿಕದ ಹಳೆಯ ವಾಲ್ವ್ ಆಂಪ್‌ಗಳು ಅಲ್ಲಿನ 110-120 ವೋಲ್ಟ್‌ಗೆ ಮಾಡಿದವು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟುಹೋಗುತ್ತವೆ. ಅನೇಕದಕ್ಕೆ ಎರಡೇ ಪಿನ್, ಅರ್ತ್ ಇಲ್ಲ. ಅಂಥ ಆಂಪ್‌ನಲ್ಲಿ ಒಂದು ಹಳೆಯ ಕೆಪಾಸಿಟರ್ ಕೆಟ್ಟರೂ ಕರೆಂಟು ಗಿಟಾರ್‌ನ ತಂತಿಯವರೆಗೆ ಬರಬಹುದು. ವಾಲ್ವ್ ರೇಡಿಯೊ ರಿಪೇರಿ ಬಲ್ಲವರಿಂದ ಮೂರು ಪಿನ್ ಮಾಡಿಸಿ, ಕೆಪಾಸಿಟರ್ ಬದಲಿಸಿಕೊಂಡ ಮೇಲೆಯೇ ಬಳಸಿ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ, ಆದ್ದರಿಂದ ಪೆಟ್ಟಿಗೆ ನೀವೇ ತೆಗೆಯಬೇಡಿ.

ಹೆಜ್ಜೆ 7: ಮಳೆಗಾಲ

ಟ್ರಸ್ ರಾಡ್ ಇಲ್ಲದ ನೆಕ್ ಹವೆಗೆ ತಕ್ಕಂತೆ ಅಲುಗುತ್ತದೆ. ಮಂಗಳೂರು, ಕಾರವಾರದ ಕಡೆಯವರು ಗಿಟಾರ್ ಅನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತಿಂಗಳುಗಟ್ಟಲೆ ನುಡಿಸದಿದ್ದರೆ ಶ್ರುತಿಯನ್ನು ಎರಡು ಸ್ವರ ಇಳಿಸಿಡಿ.

ಮೇ ಕೊನೆಯಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ 7ನೇ ಫ್ರೆಟ್‌ನ ಸಂದು ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಟೀಸ್ಕೊ ಮೊದಲ ಮಳೆಗಾಲದಲ್ಲಿ 0.35ರಿಂದ 0.5ಕ್ಕೆ ಹೋಯಿತು. ಕೈ ಇಡದೆ ಕಾದೆ. ಡಿಸೆಂಬರ್ ಹೊತ್ತಿಗೆ ತಾನಾಗಿ ವಾಪಸ್ ಬಂತು. ಈಗ ಜೂನ್ ಬಂದರೆ ಬ್ರಿಜ್‌ನ ಚಕ್ರವನ್ನು ಕಾಲು ಸುತ್ತು ಇಳಿಸುತ್ತೇನೆ, ಚಳಿ ಶುರುವಾದಾಗ ಕಾಲು ಸುತ್ತು ಏರಿಸುತ್ತೇನೆ. ಚೀಟಿ ಪೆಟ್ಟಿಗೆಯ ಒಳಗೇ ಅಂಟಿಸಿದ್ದೇನೆ, ಆ ಹಳೆಯ ರಟ್ಟಿನ ಪಕ್ಕದಲ್ಲಿ.